ಕ್ಲಬ್‌ಗಳೇ ಕಟ್ಟಿಕೊಂಡ ಟೂರ್ನಿ: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಯುರೋಪಿನ ಮಹಿಳಾ ಕ್ಲಬ್‌ಗಳ ಫುಟ್ಸಾಲ್ (ಒಳಾಂಗಣದಲ್ಲಿ ತಂಡಕ್ಕೆ ಐವರಂತೆ ಆಡುವ ಫುಟ್‌ಬಾಲ್) ಟೂರ್ನಿಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಎರಡು ಪುಟಗಳ ಲೇಖನಕ್ಕೆ ಆಕ್ಷೇಪವೆತ್ತಿ ತಾವು ಹುಬ್ಬಳ್ಳಿಯಿಂದ ಬರೆದ ಪತ್ರ ತಲುಪಿದೆ. ಬೆಂಗಳೂರಿನ ಟರ್ಫ್‌ಗಳಲ್ಲಿ ಆಫೀಸು ಮುಗಿಸಿದವರು ಆಡುವ ಐದು ಜನರ ಆಟಕ್ಕೆ ಇಷ್ಟು ಜಾಗ ಏಕೆ ಎಂದು ಕೇಳಿದ್ದೀರಿ. ಯುರೋಪಿನ ಫುಟ್‌ಬಾಲ್ ಒಕ್ಕೂಟ (ಯುಇಎಫ್‌ಎ) ನಡೆಸದ, ಕ್ಲಬ್‌ಗಳು ತಾವೇ ಕೂಡಿ ನಡೆಸುವ ಟೂರ್ನಿಯಲ್ಲಿ ಗೆದ್ದವರನ್ನು ಚಾಂಪಿಯನ್ನರೆಂದು ಹೇಗೆ ಒಪ್ಪುವುದು ಎಂಬುದು ತಮ್ಮ ಎರಡನೆಯ, ನಮ್ಮ ಮಟ್ಟಿಗೆ ಹೆಚ್ಚು ತೂಕದ ಪ್ರಶ್ನೆ. ನಮ್ಮ ದೇಶದ ಹೆಣ್ಣುಮಕ್ಕಳು ಈ ಆಟದಲ್ಲಿ ಎಲ್ಲಿದ್ದಾರೆ ಎಂದೂ ಕೊನೆಗೆ ವಿಚಾರಿಸಿದ್ದೀರಿ.

ಟರ್ಫ್ ಆಟಕ್ಕೂ ಫುಟ್ಸಾಲ್‌ಗೂ ಆಟಗಾರರ ಸಂಖ್ಯೆಯಲ್ಲಿ ಹೋಲಿಕೆ ಇರಬಹುದು, ಬಹುಮಟ್ಟಿಗೆ ಅಲ್ಲಿಗೇ ಮುಗಿಯಿತು. ಫುಟ್ಸಾಲ್ ನಡೆಯುವುದು ಒಳಾಂಗಣದ ಗಟ್ಟಿ ನೆಲದ ಮೇಲೆ, 40 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣದಲ್ಲಿ. ಚೆಂಡು ಚಿಕ್ಕದು, ಪುಟಿತವೂ ಕಡಿಮೆ. ಬಲೆಗೋ ಗೋಡೆಗೋ ಬಡಿದು ಮರಳುವ ಅನುಕೂಲವಿಲ್ಲ, ಗೆರೆ ದಾಟಿದರೆ ಎದುರಾಳಿಯ ಪಾಲು. 20 ನಿಮಿಷಗಳ ಎರಡು ಅವಧಿಗಳಲ್ಲಿ ಚೆಂಡು ನಿಂತಾಗಲೆಲ್ಲ ಗಡಿಯಾರವೂ ನಿಲ್ಲುವುದರಿಂದ ಕಾಲಹರಣಕ್ಕೆ ಆಸ್ಪದವಿಲ್ಲ. ಒಂದು ಅವಧಿಯಲ್ಲಿ ತಂಡವೊಂದು ಐದು ಫೌಲ್‌ಗಳನ್ನು ದಾಟಿತೆಂದರೆ, ಆರನೆಯದರಿಂದ ಎದುರಾಳಿಗೆ 10 ಮೀಟರ್ ದೂರದಿಂದ, ಆಟಗಾರ್ತಿಯರು ಅಡ್ಡಗೋಡೆಯಾಗಿ ನಿಲ್ಲುವಂತಿಲ್ಲದ ಒದೆತ ಸಿಗುತ್ತದೆ. ಹೀಗಾಗಿ ಐದು ಫೌಲ್ ಮಾಡಿ ಕುಳಿತ ತಂಡದ ರಕ್ಷಣಾ ಆಟಗಾರ್ತಿಯರು ಕಾಲು ಚಾಚುವುದಕ್ಕೂ ಹಿಂಜರಿಯುವುದನ್ನು ಕಣ್ಣಾರೆ ಕಾಣಬಹುದು. ಸೋಲುತ್ತಿರುವ ತಂಡ ಕೊನೆಯ ನಿಮಿಷಗಳಲ್ಲಿ ಗೋಲ್‌ಕೀಪರ್‌ಳನ್ನು ಹೊರಗೆ ಕರೆದು, ಆಕೆಯ ಬಣ್ಣದ ಅಂಗಿಯನ್ನು ಐದನೆಯ ದಾಳಿಗಾರ್ತಿಗೆ ತೊಡಿಸಿ ಕಳಿಸುತ್ತದೆ. ಆ ಅಂಗಿಯ ಬೆನ್ನಿಗೆ, ತೊಟ್ಟವಳ ಸ್ವಂತ ಸಂಖ್ಯೆ ಕಾಣಲೆಂದು, ಕಿಟಕಿಯಂತೆ ಕತ್ತರಿಸಿರುವುದೂ ಉಂಟು. ಮೊದಲ ಸಲ ನೋಡುವವರು ಹರಿದ ಅಂಗಿಯೆಂದು ಭಾವಿಸಿದರೆ ತಪ್ಪೇನಿಲ್ಲ. ಅತ್ತ ಖಾಲಿ ಗೋಲು, ಇತ್ತ ನಾಲ್ವರ ಎದುರು ಐವರು. ಪುಟ ಮೀಸಲಿಡಲು ಇಷ್ಟೇ ಸಾಕೆಂಬುದು ನಮ್ಮ ಅಭಿಪ್ರಾಯ.

ಇನ್ನು ಮಾನ್ಯತೆಯ ಮಾತು. ಮಹಿಳಾ ಫುಟ್ಸಾಲ್‌ನಲ್ಲಿ ಅಧಿಕೃತ ಮುದ್ರೆಗಾಗಿ ಕಾಯುತ್ತ ಕುಳಿತಿದ್ದರೆ ಆಟವೇ ಇರುತ್ತಿರಲಿಲ್ಲ. ಈ ಆಟ ಹುಟ್ಟಿದ್ದು 1930ರಲ್ಲಿ, ಉರುಗ್ವೆಯ ಮಾಂಟೆವಿಡಿಯೊದಲ್ಲಿ. ಬೆಳೆದದ್ದು ಮುಖ್ಯವಾಗಿ ಬ್ರೆಜಿಲ್‌ನಲ್ಲಿ. ಅದೇ ಬ್ರೆಜಿಲ್‌ನ ಸರ್ಕಾರ 1941ರಲ್ಲಿ, ಹೆಣ್ಣಿನ ಪ್ರಕೃತಿಗೆ ಒಗ್ಗದ ಕ್ರೀಡೆಗಳು ಆಕೆಗೆ ಸಲ್ಲವೆಂದು ಕಟ್ಟಳೆ ಮಾಡಿತು. 1965ರಲ್ಲಿ ಅಲ್ಲಿನ ಕ್ರೀಡಾ ಮಂಡಳಿ ನಿಷಿದ್ಧ ಆಟಗಳ ಪಟ್ಟಿಯಲ್ಲಿ ಫುಟ್ಸಾಲ್ ಅನ್ನೂ ಹೆಸರಿಸಿಯೇ ಸೇರಿಸಿತು. ನಿಷೇಧ ತೆರವಾದದ್ದು 1979ರಲ್ಲಿ. ಫಿಫಾ ಪುರುಷರಿಗೆ ಫುಟ್ಸಾಲ್ ವಿಶ್ವಕಪ್ ಆರಂಭಿಸಿದ್ದು 1989ರಲ್ಲಿ. ಮಹಿಳೆಯರಿಗೆ ಮೊದಲ ವಿಶ್ವಕಪ್ ನಡೆದದ್ದು 2025ರಲ್ಲಿ, ಫಿಲಿಪ್ಪೀನ್ಸ್‌ನಲ್ಲಿ. ಆ ನಡುವೆ, 2010ರಿಂದ 2015ರವರೆಗೆ, ಫಿಫಾದ ಮುದ್ರೆಯಿಲ್ಲದ ವಿಶ್ವ ಟೂರ್ನಿಯೊಂದು ವರ್ಷಕ್ಕೊಮ್ಮೆ ನಡೆಯಿತು, ಆರೂ ಸಲ ಬ್ರೆಜಿಲ್ ಗೆದ್ದಿತು. ಫಿಲಿಪ್ಪೀನ್ಸ್‌ನಲ್ಲಿ ಗೆದ್ದದ್ದೂ ಬ್ರೆಜಿಲ್ಲೇ. ಮುದ್ರೆಯಿಲ್ಲದ ಟೂರ್ನಿ ಹೇಳಿದ್ದನ್ನು ಮುದ್ರೆಯುಳ್ಳದ್ದು ಬದಲಿಸಲಿಲ್ಲ.

ಕ್ಲಬ್‌ಗಳ ಕಥೆಯೂ ಇದೇ ಜಾಡಿನದು. ಯುರೋಪಿನ ಪುರುಷರ ಕ್ಲಬ್‌ಗಳಿಗೆ ಯುಇಎಫ್‌ಎ 2001ರಲ್ಲೇ ಟೂರ್ನಿ ಏರ್ಪಡಿಸಿತು. ಮಹಿಳಾ ಕ್ಲಬ್‌ಗಳಿಗೆ ಬಹುಕಾಲ ಅಂಥದ್ದೇನೂ ಒದಗದ ಕಾರಣ ಅವು ತಾವೇ ಕೈಹಾಕಿದವು. ಈ ಕ್ಲಬ್‌ಗಳಲ್ಲಿ ಕೆಲವು ಎಂಥ ಊರುಗಳವು ಎಂಬುದನ್ನೂ ಗಮನಿಸಬೇಕು. ಸ್ಪೇನ್ ಲೀಗ್ ಗೆದ್ದಿರುವ ಬುರೆಲಾ ತಂಡದ ಊರು ಗಲೀಸಿಯಾದ ಕಡಲ ದಂಡೆಯ ಪುಟ್ಟ ಮೀನುಗಾರಿಕಾ ಬಂದರು; ತಂಡದ ಹೆಸರಿನಲ್ಲಿ ಮೀನು ವ್ಯಾಪಾರದ ಸಂಸ್ಥೆಯೊಂದರ ಹೆಸರೂ ಸೇರಿಕೊಂಡಿತ್ತು. ಜಗತ್ತಿನ ಶ್ರೇಷ್ಠ ಆಟಗಾರ್ತಿಯೆಂದು ಹಲವು ಸಲ ಆಯ್ಕೆಯಾದ ಅಮಾಂಡಿನ್ಯಾ ವರ್ಷಗಟ್ಟಲೆ ಆಡಿದ್ದು ದಕ್ಷಿಣ ಬ್ರೆಜಿಲ್‌ನ ಲಾಜೆಸ್ ಎಂಬ ಮಲೆಯೂರಿನ ಲಿಯೋವಾಸ್ ದ ಸೆರಾ ಕ್ಲಬ್‌ಗೆ. ರಾಷ್ಟ್ರೀಯ ತಂಡದ ಶಿಬಿರ ವರ್ಷದಲ್ಲಿ ಕೆಲವು ವಾರ ಮಾತ್ರ. ಉಳಿದ ದಿನಗಳಲ್ಲಿ ಆಟಗಾರ್ತಿಗೆ ಅಭ್ಯಾಸ, ತರಬೇತುದಾರ, ಸಿಕ್ಕಷ್ಟು ಸಂಬಳ ಎಲ್ಲವೂ ಕ್ಲಬ್‌ನಿಂದಲೇ. ಆದ್ದರಿಂದ ಈ ಆಟದ ನಿಜವಾದ ಮಟ್ಟ ತಿಳಿಯಬೇಕಾದರೆ ಕ್ಲಬ್‌ಗಳ ಮುಖಾಮುಖಿಯನ್ನೇ ನೋಡಬೇಕು. ಗೆದ್ದವರನ್ನು ನಾವು ಚಾಂಪಿಯನ್ನರೆಂದೇ ಬರೆಯುತ್ತೇವೆ. ಟೂರ್ನಿಯನ್ನು ನಡೆಸುವವರು ಯಾರೆಂಬುದನ್ನೂ ಪಕ್ಕದಲ್ಲೇ ನಮೂದಿಸುತ್ತೇವೆ.

ಭಾರತದ ಮಹಿಳಾ ಫುಟ್ಸಾಲ್ ತಂಡ ಏಷ್ಯಾ ಕಪ್‌ನ ಅರ್ಹತಾ ಸುತ್ತಿನಲ್ಲಿ ಮೊದಲ ಬಾರಿಗೆ ಆಡಿದ್ದು 2025ರ ಜನವರಿಯಲ್ಲಿ, ಇಂಡೊನೇಷ್ಯಾದಲ್ಲಿ. ಇರಾನ್ 2015 ಮತ್ತು 2018ರಲ್ಲೇ ಏಷ್ಯಾ ಪ್ರಶಸ್ತಿ ಗೆದ್ದಾಗಿತ್ತು ಎಂಬುದನ್ನು ನೆನೆದರೆ ನಮ್ಮ ನಡಿಗೆಯ ದೂರ ತಿಳಿಯುತ್ತದೆ. ನಮ್ಮಲ್ಲಿ ಹುಲ್ಲಿನ ಮೈದಾನದ ಆಟಗಾರ್ತಿಯರೇ ಕರೆ ಬಂದಾಗ ಫುಟ್ಸಾಲ್‌ಗೂ ಇಳಿಯುವ ಪರಿಸ್ಥಿತಿ ಬದಲಾಗಬೇಕಾದರೆ, ಅಳತೆಗೆ ತಕ್ಕ ಒಳಾಂಗಣವೂ ವರ್ಷವಿಡೀ ಅಲ್ಲಿ ಅಭ್ಯಾಸ ಮಾಡುವ ಕ್ಲಬ್ಬುಗಳೂ ಬೇಕು. ತಮ್ಮ ಜಿಲ್ಲೆಯಲ್ಲಿ ಹೆಣ್ಣುಮಕ್ಕಳ ಅಂಥ ತಂಡವೇನಾದರೂ ಇದ್ದರೆ ಪಂದ್ಯಗಳ ವಿವರ ಕಳಿಸಿ. ಒಕ್ಕೂಟದ ಮುದ್ರೆ ಇಲ್ಲದಿದ್ದರೂ ಪ್ರಕಟಿಸುತ್ತೇವೆ.

— ಸಂಪಾದಕ