ಹನ್ನೊಂದು ವ್ಯೂಹಗಳು ಮತ್ತು ಪ್ರಾರ್ಥನೆಯ ಸಾಲಿನಲ್ಲಿ ಕುಸಿದ ಹುಡುಗಿ

ಮಾನ್ಯರೇ,

ನಮಸ್ಕಾರ. ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಪಾಠ ಮಾಡುವ ಬಗೆಯನ್ನು ಕುರಿತು ನಮ್ಮ ಶಿಕ್ಷಕರ ಮಾಸಪತ್ರಿಕೆಗೆ ನೀವು ಕಳಿಸಿದ ‘ದೇಹವೆಂಬ ಅದ್ಭುತ ಯಂತ್ರ’ ಎಂಬ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಹಾಗೆಂದು ಎರಡು ಸಾಲಿನ ವಿಷಾದಪತ್ರ ಬರೆದು ಮುಗಿಸಲು ಮನಸ್ಸಾಗಲಿಲ್ಲ. ಏಕೆಂದರೆ ನಿಮ್ಮ ಹನ್ನೆರಡು ಪುಟಗಳ ನಡುವೆ, ಒಂಬತ್ತನೆಯ ಪುಟದ ಕೆಳಗಡೆ, ಆರು ಸಾಲಿನಲ್ಲಿ ಒಂದು ಒಳ್ಳೆಯ ಲೇಖನದ ಬೀಜ ಬಿದ್ದುಕೊಂಡಿದೆ. ಅದು ಮೊಳೆಯಬೇಕಾದರೆ ಸುತ್ತಲಿನ ಬೆಳೆಯಲ್ಲಿ ಬಹುಪಾಲನ್ನು ಕಿತ್ತುಹಾಕಬೇಕಾಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊದಲ ಎಂಟು ಪುಟಗಳಲ್ಲಿ ನೀವು ಜೀರ್ಣಾಂಗವ್ಯೂಹದಿಂದ ಹಿಡಿದು ಚರ್ಮದವರೆಗೆ ಹನ್ನೊಂದು ವ್ಯೂಹಗಳನ್ನು ಹಾಜರಿ ಪುಸ್ತಕದ ಹೆಸರುಗಳಂತೆ ಒಂದಾದ ಮೇಲೊಂದು ಕೂಗಿದ್ದೀರಿ. ಎಲ್ಲವೂ ‘ಹಾಜರ್’ ಎಂದ ಮೇಲೆ ಕೊನೆಯ ಪುಟದಲ್ಲಿ ‘ಇವೆಲ್ಲವೂ ಸೇರಿ ಸಮಸ್ಥಿತಿಯನ್ನು ಕಾಪಾಡುತ್ತವೆ’ ಎಂಬ ಒಂದು ವಾಕ್ಯ ಬರುತ್ತದೆ. ಸಮಸ್ಥಿತಿ ಎಂದರೆ ದೇಹದ ಒಳಗಿನ ಸ್ಥಿತಿ ಹೆಚ್ಚು ಏರುಪೇರಾಗದೆ ಉಳಿಯುವುದು. ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಮತ್ತು ‘ನಿಯಂತ್ರಣ ಮತ್ತು ಸಹಭಾಗಿತ್ವ’ ಅಧ್ಯಾಯಗಳನ್ನು ವರ್ಷಗಟ್ಟಲೆ ಬೋಧಿಸಿದ ಓದುಗರಿಗೆ ಈ ಎಂಟು ಪುಟಗಳಲ್ಲಿ ಹೊಸದೇನೂ ಸಿಗುವುದಿಲ್ಲ, ಅವರಿಗೆ ಬೇಕಾಗಿದ್ದ ವಿಷಯವೋ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಹನ್ನೊಂದು ಎಂಬ ಲೆಕ್ಕವೂ ನಾವು ಓದಿನ ಅನುಕೂಲಕ್ಕೆ ಮಾಡಿಕೊಂಡದ್ದು. ಮೇದೋಜೀರಕ ಗ್ರಂಥಿ ಜೀರ್ಣರಸವನ್ನು ಸಣ್ಣಕರುಳಿಗೆ ಸುರಿಸುತ್ತದೆ, ಇನ್ಸುಲಿನ್ನನ್ನು ನೇರವಾಗಿ ರಕ್ತಕ್ಕೆ ಬಿಡುತ್ತದೆ. ಅದರ ಹಾಜರಿಯನ್ನು ಯಾವ ತರಗತಿಯಲ್ಲಿ ಹಾಕುತ್ತೀರಿ? ಈ ಪ್ರಶ್ನೆಯನ್ನು ಮಕ್ಕಳೇ ಕೇಳುವಂತೆ ಮಾಡುವುದು ಪಾಠದ ಒಂದು ಘಟ್ಟವಾಗಬಹುದಿತ್ತು.

ಈಗ ಆ ಆರು ಸಾಲುಗಳಿಗೆ ಬರುತ್ತೇನೆ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅತಿಥಿಗಳ ಭಾಷಣದಿಂದಾಗಿ ಪ್ರಾರ್ಥನೆ ನಲವತ್ತು ನಿಮಿಷ ಎಳೆದದ್ದು, ತಿಂಡಿ ತಿನ್ನದೆ ಬಂದಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಿಸಿಲಿನಲ್ಲಿ ನಿಂತಲ್ಲೇ ಕುಸಿದದ್ದು, ಅವಳನ್ನು ಎತ್ತಿಕೊಂಡು ಹೋಗಿ ಶಿಕ್ಷಕರ ಕೊಠಡಿಯ ಬೆಂಚಿನ ಮೇಲೆ ಮಲಗಿಸಿ ಸಕ್ಕರೆ ನೀರು ಕುಡಿಸಿದ್ದು, ಐದು ನಿಮಿಷದಲ್ಲಿ ಅವಳು ಎದ್ದು ಕೂತು ನಾಚಿಕೊಂಡದ್ದು: ಇಷ್ಟನ್ನೂ ನೀವು ಒಂದೂ ಅಲಂಕಾರವಿಲ್ಲದೆ ಬರೆದಿದ್ದೀರಿ. ಇಡೀ ಲೇಖನದಲ್ಲಿ ಉಸಿರಾಡುವ ಮನುಷ್ಯರು ಕಾಣಿಸಿಕೊಳ್ಳುವುದು ಇಲ್ಲೊಂದೇ ಕಡೆ. ಆದರೆ ತಕ್ಷಣವೇ ‘ಸಕ್ಕರೆ ಕಡಿಮೆಯಾಯಿತು, ಸಕ್ಕರೆ ಕೊಟ್ಟೆವು, ಸಮಸ್ಥಿತಿ ಮರಳಿತು’ ಎಂದು ಷರಾ ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಸಕ್ಕರೆಯೇ ಕಾರಣವೆಂದು ಹೇಗೆ ತೀರ್ಮಾನಿಸಿದಿರಿ?

ಒಂದು ರಾತ್ರಿ ಮತ್ತು ಒಂದು ಬೆಳಗಿನ ಉಪವಾಸವನ್ನು ಆರೋಗ್ಯವಂತ ದೇಹ ಸಾಮಾನ್ಯವಾಗಿ ಸಲೀಸಾಗಿ ನಿಭಾಯಿಸುತ್ತದೆ. ರಕ್ತದ ಗ್ಲೂಕೋಸ್ ಇಳಿಯತೊಡಗಿದಂತೆ ಮೇದೋಜೀರಕ ಗ್ರಂಥಿ ಗ್ಲುಕಗಾನ್ ಹಾರ್ಮೋನನ್ನು ಹೆಚ್ಚು ಸ್ರವಿಸುತ್ತದೆ, ಯಕೃತ್ತು ತನ್ನಲ್ಲಿ ಕೂಡಿಟ್ಟ ಗ್ಲೈಕೋಜೆನ್ನನ್ನು ಒಡೆದು ರಕ್ತಕ್ಕೆ ಗ್ಲೂಕೋಸ್ ಬಿಡುತ್ತದೆ. ಹೀಗಾಗಿ ಬರಿಹೊಟ್ಟೆಯಲ್ಲೂ ಡೆಸಿಲೀಟರಿಗೆ 70ರಿಂದ 100 ಮಿಲಿಗ್ರಾಂ ಮಟ್ಟ ಉಳಿಯುತ್ತದೆ. ವಯಸ್ಕರ ಸುಮಾರು 5 ಲೀಟರ್ ರಕ್ತಕ್ಕೆ ಇದನ್ನು ಗುಣಿಸಿ ನೋಡಿ: ಇಡೀ ಮೈಯ ರಕ್ತದಲ್ಲಿರುವ ಗ್ಲೂಕೋಸ್ ನಾಲ್ಕೈದು ಗ್ರಾಂ, ಎಂದರೆ ಒಂದು ಟೀ ಚಮಚದಷ್ಟು. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 60 ಗ್ರಾಂ ಪಿಷ್ಟವಿರುತ್ತದೆ. ಮುದ್ದೆ ಉಂಡ ಮೇಲೂ, ಉಣ್ಣದೆ ಇದ್ದಾಗಲೂ, ಆ ಒಂದು ಚಮಚ ಎರಡು ಚಮಚವಾಗದಂತೆ, ಅರ್ಧ ಚಮಚಕ್ಕೂ ಇಳಿಯದಂತೆ ನಡೆಯುವ ಲೇವಾದೇವಿಯನ್ನು ನೀವು ಈ ಹುಡುಗಿಯ ಬರಿಹೊಟ್ಟೆಯಿಂದಲೇ ಆರಂಭಿಸಿ ವಿವರಿಸಬಹುದಿತ್ತು.

ಇನ್ನು ಅವಳು ನಿಂತದ್ದನ್ನು ಗಮನಿಸಿ. ನಿಂತ ಮನುಷ್ಯನ ರಕ್ತದಲ್ಲಿ ಅರ್ಧ ಲೀಟರಿಗೂ ಹೆಚ್ಚು ಗುರುತ್ವದಿಂದಾಗಿ ಸೊಂಟದ ಕೆಳಗಿನ ಅಭಿಧಮನಿಗಳಿಗೆ ಇಳಿಯುತ್ತದೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ಅದನ್ನು ಮೇಲಕ್ಕೆ ದೂಡುತ್ತವೆ. ‘ಸಾವಧಾನ್’ ಭಂಗಿಯಲ್ಲಿ ಅಲುಗಾಡದೆ ನಿಂತಾಗ ಆ ಹಿಂಡುವಿಕೆ ಇಲ್ಲ. ಕುತ್ತಿಗೆಯ ಅಪಧಮನಿಗಳಲ್ಲೂ ಮಹಾಪಧಮನಿಯ ಕಮಾನಿನಲ್ಲೂ ಇರುವ ಒತ್ತಡಗ್ರಾಹಕಗಳು ರಕ್ತದೊತ್ತಡ ಇಳಿದದ್ದನ್ನು ಮಿದುಳಿಗೆ ತಿಳಿಸುತ್ತವೆ, ಹೃದಯ ಬಡಿತ ಹೆಚ್ಚುತ್ತದೆ, ರಕ್ತನಾಳಗಳು ಕಿರಿದಾಗುತ್ತವೆ. ಇಷ್ಟಾಗಿದ್ದರೆ ಅವಳು ಬೀಳುತ್ತಿರಲಿಲ್ಲವೇನೋ. ಆದರೆ ಬಿಸಿಲು ಇನ್ನೊಂದು ಬೇಡಿಕೆಯನ್ನು ಮುಂದಿಟ್ಟಿತ್ತು. ಶಾಖವನ್ನು ಹೊರಹಾಕಲು ಚರ್ಮದ ರಕ್ತನಾಳಗಳು ಹಿಗ್ಗಬೇಕು, ಬೆವರಿಗೆ ರಕ್ತದಿಂದಲೇ ನೀರು ಹೋಗಬೇಕು. ಒತ್ತಡ ಕಾಯುವ ವ್ಯವಸ್ಥೆ ನಾಳಗಳನ್ನು ಬಿಗಿಯಲು ಹೊರಟರೆ ಶಾಖ ಕಾಯುವ ವ್ಯವಸ್ಥೆ ಅವನ್ನೇ ಸಡಿಲಿಸುತ್ತದೆ. ಇರುವ ರಕ್ತ ಮಾತ್ರ ಒಂದೇ. ಹಗ್ಗಜಗ್ಗಾಟದಲ್ಲಿ ಒತ್ತಡ ಸೋತು, ಕೆಲವು ಸೆಕೆಂಡು ಮಿದುಳಿಗೆ ಸಾಕಷ್ಟು ರಕ್ತ ಸಿಗದೆ ಹೋದರೆ ಕಣ್ಣು ಕತ್ತಲೆಗಟ್ಟುತ್ತದೆ, ಮೈ ಕುಸಿಯುತ್ತದೆ. ಮಲಗಿದೊಡನೆ ತಲೆ ಮತ್ತು ಹೃದಯ ಒಂದೇ ಮಟ್ಟಕ್ಕೆ ಬರುವುದರಿಂದ ರಕ್ತ ಮತ್ತೆ ಮಿದುಳಿಗೆ ತಲುಪುತ್ತದೆ. ಅವಳನ್ನು ಚೇತರಿಸಿದ್ದು ಬೆಂಚೋ, ನೆರಳೋ, ನೀರೋ, ಸಕ್ಕರೆಯೋ? ನಾಲ್ಕನ್ನೂ ಒಟ್ಟಿಗೆ ಕೊಟ್ಟ ನೀವು ಒಂದಕ್ಕೆ ಮಾತ್ರ ಕೀರ್ತಿ ಸಲ್ಲಿಸಿದ್ದೀರಿ. ಇದನ್ನೇ ತರಗತಿಯ ಮುಂದಿಡಿ, ಮಕ್ಕಳು ವಾದಿಸಲಿ. ರಕ್ತಪರಿಚಲನೆ, ನರವ್ಯೂಹ, ಚರ್ಮ, ಯಕೃತ್ತು, ನಿರ್ನಾಳ ಗ್ರಂಥಿಗಳು, ಸ್ನಾಯುಗಳು ಎಲ್ಲವೂ ಹಾಜರಿ ಕೂಗದೆಯೇ ತಾವಾಗಿ ಒಳಗೆ ಬರುತ್ತವೆ.

(ಪ್ರಸಂಗವಶಾತ್ ಒಂದು ಮಾತು. ಕುಸಿದವರನ್ನು ಅಂಗಾತ ಮಲಗಿಸಿ ಕಾಲನ್ನು ಸ್ವಲ್ಪ ಎತ್ತರಿಸಬೇಕು, ಪೂರ್ತಿ ಎಚ್ಚರವಾಗುವ ಮುನ್ನ ಬಾಯಿಗೆ ಏನನ್ನೂ ಹಾಕಬಾರದು, ಒಂದೆರಡು ನಿಮಿಷದಲ್ಲಿ ಎಚ್ಚರವಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ನಿಮ್ಮ ಲೇಖನವನ್ನು ಶಿಕ್ಷಕರು ಓದುವುದರಿಂದ ಇದಕ್ಕೊಂದು ಸಾಲು ಮೀಸಲಿಡಿ.)

‘ಸಮಸ್ಥಿತಿ’ ಎಂಬ ಪದವನ್ನು ನೀವು ತಕ್ಕಡಿಯ ಚಿತ್ರದೊಂದಿಗೆ ವಿವರಿಸಿದ್ದೀರಿ. ಅಲ್ಲಿಯೇ ದಾರಿ ತಪ್ಪಿದೆ. ತಕ್ಕಡಿ ಸಮವಾದ ಮೇಲೆ ಸುಮ್ಮನಾಗುತ್ತದೆ, ದೇಹ ಸುಮ್ಮನಾಗುವುದು ಸತ್ತ ಮೇಲೆ. ಜೀವಕೋಶಗಳು ನಿಜವಾಗಿ ಬದುಕುವುದು ಹೊರಗಿನ ಹವೆಯಲ್ಲಲ್ಲ, ತಮ್ಮನ್ನು ಸುತ್ತುವರಿದ ದ್ರವದ ‘ಒಳಪರಿಸರ’ದಲ್ಲಿ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ ಹೇಳಿದ್ದರು. ಆ ಒಳಪರಿಸರ ಸ್ಥಿರವಾಗಿ ಉಳಿಯುವ ಬಗೆಗೆ 1926ರಲ್ಲಿ ಹೋಮಿಯೋಸ್ಟಾಸಿಸ್ ಎಂದು ಹೆಸರಿಟ್ಟವರು ಅಮೆರಿಕದ ವಾಲ್ಟರ್ ಕ್ಯಾನನ್. ‘ಅದೇ’ ಎಂಬ ಅರ್ಥದ ಗ್ರೀಕ್ ಪೂರ್ವಪದವನ್ನು ಬಿಟ್ಟು ‘ಹೋಲುವ’ ಎಂಬ ಅರ್ಥದ ಪೂರ್ವಪದವನ್ನು ಅವರು ಬೇಕೆಂದೇ ಆರಿಸಿಕೊಂಡರು. ನಮ್ಮ ‘ಸಮ’ದಲ್ಲಿ ಆ ವ್ಯತ್ಯಾಸ ಅಳಿಸಿಹೋಗುವ ಅಪಾಯವಿದೆ. ಪದವನ್ನು ಬದಲಿಸಬೇಡಿ, ಅದು ಬಳಕೆಗೆ ಬಂದಿದೆ; ಆದರೆ ಮೈಯ ಉಷ್ಣತೆ ಬೆಳಗಿನ ಜಾವಕ್ಕೂ ಸಂಜೆಗೂ ಸುಮಾರು ಅರ್ಧ ಡಿಗ್ರಿಯಷ್ಟು ಬದಲಾಗುತ್ತದೆ ಎಂಬುದನ್ನು ಹೇಳಿ, 37 ಡಿಗ್ರಿ ಎಂಬುದು ಗೋಡೆಗೆ ಹೊಡೆದ ಮೊಳೆಯಲ್ಲ ಎಂದು ತೋರಿಸಿ. ತಕ್ಕಡಿಯ ಬದಲು ಸೌದೆ ಒಲೆಯ ಮೇಲೆ ಹಾಲು ಕಾಯಿಸುತ್ತ ಕೂತ ಅಜ್ಜಿಯನ್ನು ನೆನೆಯಿರಿ. ಹಾಲು ಮೇಲೇರಿತೆಂದರೆ ಸೌದೆ ಹಿಂದಕ್ಕೆಳೆಯುತ್ತಾಳೆ, ಇಳಿಯಿತೆಂದರೆ ಮುಂದಕ್ಕೆ ತಳ್ಳುತ್ತಾಳೆ. ಕಣ್ಣು ಬದಲಾವಣೆಯನ್ನು ಗ್ರಹಿಸುವ ಗ್ರಾಹಕ, ಕೈ ಅದಕ್ಕೆ ತಕ್ಕಂತೆ ಕೆಲಸ ಮಾಡುವ ಕಾರ್ಯನಿರ್ವಾಹಕ, ಸೌದೆ ಎಳೆದ ಮೇಲೂ ಕೆಂಡದ ಬಿಸಿಗೆ ಹಾಲು ಇನ್ನಷ್ಟು ಏರುವುದರಿಂದ ತಡವಾದ ಪರಿಣಾಮ ಎಂದರೇನೆಂಬುದೂ ತಿಳಿಯುತ್ತದೆ.

ನೀವು ಕೊಟ್ಟ ಹವಾನಿಯಂತ್ರಕದ ಉದಾಹರಣೆಯನ್ನು ಕೈಬಿಡಿ. ಮಕ್ಕಳಲ್ಲಿ ಅನೇಕರು ಅದನ್ನು ಮನೆಯಲ್ಲಿ ಕಂಡವರಲ್ಲ. ದೀಪ ಆರಿ ಹತ್ತುವ ಆಟೊಮ್ಯಾಟಿಕ್ ಇಸ್ತ್ರಿ ಪೆಟ್ಟಿಗೆಯನ್ನು ಬೇಕಾದರೆ ತರಗತಿಗೇ ತರಬಹುದು. ಆದರೆ ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ಬರೆಯಿರಿ: ಇಸ್ತ್ರಿ ಪೆಟ್ಟಿಗೆ ಕಾಯಿಸಬಲ್ಲದು, ತಣಿಯಲು ಹೊರಗಿನ ಗಾಳಿಗೆ ಕಾಯಬೇಕು, ದೇಹಕ್ಕೆ ನಡುಕವೂ ಇದೆ, ಬೆವರೂ ಇದೆ.

ಕೆಲವು ತಪ್ಪುಗಳನ್ನು ತಿದ್ದಲೇಬೇಕು. ಜ್ವರವನ್ನು ನೀವು ‘ಸಮಸ್ಥಿತಿಯ ವೈಫಲ್ಯ’ ಎಂದಿದ್ದೀರಿ. ಸೋಂಕು ತಗುಲಿದಾಗ ಮಿದುಳಿನ ಹೈಪೋಥಲಾಮಸ್ ಎಂಬ ಭಾಗದಲ್ಲಿ ಉಷ್ಣತೆಯ ನಿಗದಿತ ಮಟ್ಟವೇ ಮೇಲೇರುತ್ತದೆ. ಮಟ್ಟ 39ಕ್ಕೆ ಏರಿ ಮೈ ಇನ್ನೂ 38ರಲ್ಲಿದ್ದರೆ ದೇಹದ ಪಾಲಿಗೆ ಅದು ಚಳಿ, ಆದ್ದರಿಂದಲೇ ಮೈ ಸುಡುತ್ತಿರುವವರು ಗಡಗಡ ನಡುಗುತ್ತ ಕಂಬಳಿ ಕೇಳುತ್ತಾರೆ. ಪ್ಯಾರಸಿಟಮಾಲ್ ನುಂಗಿದಾಗ ಮಟ್ಟ ಕೆಳಗಿಳಿದು, ಈಗ ಹೆಚ್ಚಾದ ಶಾಖವನ್ನು ಹೊರಹಾಕಲು ಬೆವರು ಬರುತ್ತದೆ. ‘ಜ್ವರ ಬೆವರಿ ಬಿಟ್ಟಿತು’ ಎಂದು ಮನೆಯ ಹಿರಿಯರು ಹೇಳುವುದು ಇದನ್ನೇ. ನಿಯಂತ್ರಣ ನಿಜಕ್ಕೂ ಮುರಿದುಬೀಳುವುದು ಬಿಸಿಲ ಹೊಡೆತದಲ್ಲಿ; ಅಲ್ಲಿ ಮಟ್ಟ ಏರಿರುವುದಿಲ್ಲ, ಆದ್ದರಿಂದ ಆ ಮಾತ್ರೆ ನೆರವಿಗೆ ಬಾರದು, ಮೈಯನ್ನು ಹೊರಗಿನಿಂದಲೇ ತಣಿಸಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟು ಬೋಧಿಸಿದರೆ ನಿಗದಿತ ಮಟ್ಟ ಎಂಬ ಕಷ್ಟದ ಕಲ್ಪನೆ ಸುಲಭವಾಗುತ್ತದೆ.

ಬೆವರು ಸುರಿಯುವುದರಿಂದಲೇ ಮೈ ತಂಪಾಗುವುದಿಲ್ಲ, ಅದು ಆವಿಯಾಗಬೇಕು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ರಾಯಚೂರಿನ ಒಣ ಬಿಸಿಲಿನಲ್ಲಿ ಒಣಗಿಹೋಗುವ ಬೆವರು ಮಂಗಳೂರಿನ ತೇವದ ಗಾಳಿಯಲ್ಲಿ ಹನಿಹನಿಯಾಗಿ ನೆಲಕ್ಕೆ ಬಿದ್ದು ವ್ಯರ್ಥವಾಗುತ್ತದೆ. ಉಸಿರು ಬಿಗಿಹಿಡಿದಾಗ ಮತ್ತೆ ಉಸಿರೆಳೆಯಲು ಒತ್ತಾಯಿಸುವುದು ಮುಖ್ಯವಾಗಿ ಆಮ್ಲಜನಕದ ಕೊರತೆಯಲ್ಲ, ಏರುವ ಕಾರ್ಬನ್ ಡೈಆಕ್ಸೈಡ್. ಇನ್ಸುಲಿನ್ ಸಕ್ಕರೆಯನ್ನು ‘ಕರಗಿಸುವುದಿಲ್ಲ’. ಸ್ನಾಯು ಮತ್ತು ಕೊಬ್ಬಿನ ಕೋಶಗಳು ಅದನ್ನು ಒಳಗೆಳೆದುಕೊಳ್ಳುವಂತೆಯೂ ಯಕೃತ್ತು ಕೂಡಿಡುವಂತೆಯೂ ಮಾಡುತ್ತದೆ.

ಭಾಷೆಯ ಬಗ್ಗೆ ಎರಡು ಆಕ್ಷೇಪಗಳಿವೆ. ‘ದೇಹಕ್ಕೆ ಗೊತ್ತು’, ‘ಮೂತ್ರಜನಕಾಂಗ ನಿರ್ಧರಿಸುತ್ತದೆ’ ಎಂಬಂಥ ವಾಕ್ಯಗಳು ಹದಿನೇಳು ಕಡೆ ಇವೆ, ಎಣಿಸಿದ್ದೇನೆ. ನಿರ್ಧಾರ ಎಂದೊಡನೆ ಕಾರಣ ಹುಡುಕುವ ಕೆಲಸ ನಿಂತುಹೋಗುತ್ತದೆ. ದಿನವೊಂದಕ್ಕೆ ಸುಮಾರು 180 ಲೀಟರ್ ಸೋಸಿ, ಮೂತ್ರವಾಗಿ ಒಂದೆರಡು ಲೀಟರನ್ನು ಮಾತ್ರ ಹೊರಬಿಡುವ ಅಂಗದ ಬಗ್ಗೆ ಮಕ್ಕಳು ಕೇಳಬೇಕಾದದ್ದು ಎಷ್ಟು ಬಿಡಬೇಕೆಂದು ಅದಕ್ಕೆ ತಿಳಿಸಿದವರಾರು ಎಂದು. ರಕ್ತ ಗಾಢವಾದದ್ದನ್ನು ಹೈಪೋಥಲಾಮಸ್ ಗ್ರಹಿಸಿದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಒಂದು ಹಾರ್ಮೋನು ಬಿಡುಗಡೆಯಾಗಿ, ಮೂತ್ರಜನಕಾಂಗದ ನಾಳಗಳು ಹೆಚ್ಚು ನೀರನ್ನು ಮರಳಿ ಹೀರುತ್ತವೆ, ಜೊತೆಗೆ ಬಾಯಾರಿಕೆಯೂ ಆಗುತ್ತದೆ ಎಂಬ ಕೊಂಡಿಗಳನ್ನು ‘ನಿರ್ಧರಿಸುತ್ತದೆ’ ಎಂಬ ಒಂದು ಕ್ರಿಯಾಪದ ನುಂಗಿಹಾಕಿದೆ. ಎರಡನೆಯದು, ‘ಋಣಾತ್ಮಕ ಹಿಮ್ಮಾಹಿತಿ’ (ನೆಗೆಟಿವ್ ಫೀಡ್‌ಬ್ಯಾಕ್). ನೆಗೆಟಿವ್ ಎಂದರೆ ಕೆಟ್ಟದ್ದು ಎಂದೇ ಕೇಳಿ ಬೆಳೆದ ಮಕ್ಕಳಿಗೆ, ಬದಲಾವಣೆಯನ್ನು ಹಿಂದಕ್ಕೆ ಎಳೆಯುವುದು ಋಣಾತ್ಮಕ, ಹೆರಿಗೆಯ ನೋವಿನಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಮಾಡುವಂತೆ ಬದಲಾವಣೆಯನ್ನು ಇನ್ನಷ್ಟು ಮುಂದೊತ್ತುವುದು ಧನಾತ್ಮಕ ಎಂದು ಮೊದಲ ಬಳಕೆಯಲ್ಲೇ ಬಿಡಿಸಿ ಹೇಳಿ.

ತರಗತಿಯಲ್ಲಿ ಗ್ಲೂಕೋಮೀಟರಿನಿಂದ ಮಕ್ಕಳ ಬೆರಳು ಚುಚ್ಚಿ ರಕ್ತ ಪರೀಕ್ಷಿಸುವ ಚಟುವಟಿಕೆಯನ್ನು ಮುಲಾಜಿಲ್ಲದೆ ಹೊಡೆದುಹಾಕಿದ್ದೇನೆ. ಸೋಂಕಿನ ಮಾತು ಹಾಗಿರಲಿ, ಮಧುಮೇಹವಿರುವ ಮಗುವೊಂದು ಸಹಪಾಠಿಗಳ ಮುಂದೆ ತನ್ನ ಅಂಕಿಯನ್ನು ಓದಿಸಿಕೊಳ್ಳಬೇಕಾದ ಸ್ಥಿತಿಯನ್ನು ಯೋಚಿಸಿ. ನಾಡಿ ಎಣಿಸುವ ಚಟುವಟಿಕೆ ಉಳಿಯಲಿ; ಉಬ್ಬಸ ಅಥವಾ ಹೃದಯದ ತೊಂದರೆ ಇರುವವರು ಓಡದೆ ಗಡಿಯಾರ ನೋಡಿಕೊಳ್ಳಲಿ. ಓಟ ಮುಗಿದ ಮೇಲೆ ನಿಮಿಷಕ್ಕೊಮ್ಮೆ ಎಣಿಸಿ ನಕ್ಷೆ ಬಿಡಿಸಿದರೆ ನಾಡಿ ಹಿಂದಿನ ಮಟ್ಟಕ್ಕೆ ಮರಳುವ ರೇಖೆ ಕಣ್ಣಿಗೆ ಕಾಣುತ್ತದೆ. ಆದರೆ ‘ದೇಹ ನಾಡಿಮಿಡಿತವನ್ನು ಸ್ಥಿರವಾಗಿಡುತ್ತದೆ’ ಎಂಬ ನಿಮ್ಮ ತೀರ್ಮಾನ ತಪ್ಪು. ಸ್ಥಿರವಾಗಿ ಉಳಿಸಬೇಕಾದದ್ದು ರಕ್ತದೊತ್ತಡವನ್ನು, ರಕ್ತದ ಆಮ್ಲಜನಕ ಮತ್ತು ಕಾರ್ಬನ್ ಡೈಆಕ್ಸೈಡನ್ನು. ಅವು ಹೆಚ್ಚು ಅಲುಗದಿರಲೆಂದೇ ನಾಡಿಮಿಡಿತ ಅಷ್ಟೊಂದು ಅಲುಗುತ್ತದೆ. ಅಜ್ಜಿಯ ಕೈ ಆಡುತ್ತಿರುವುದು ಹಾಲು ಉಕ್ಕದಿರಲೆಂದು. ಈ ಭೇದ ನಮ್ಮ ಪಾಠಗಳಲ್ಲಿ ಬಹುಮಟ್ಟಿಗೆ ಮರೆಯಾಗಿದೆ, ನೀವು ಅದನ್ನು ಹಿಡಿದರೆ ಲೇಖನಕ್ಕೆ ಬೆನ್ನೆಲುಬು ಸಿಗುತ್ತದೆ.

ಆರಂಭದ ಸುಭಾಷಿತವನ್ನೂ ಕೊನೆಯ ‘ಆರೋಗ್ಯವೇ ಭಾಗ್ಯ’ವನ್ನೂ ತೆಗೆಯಿರಿ. ಪ್ರಾರ್ಥನೆಯ ಅಂಗಳದಿಂದ ಶುರುಮಾಡಿ, 1500 ಪದಗಳಿಗೆ ಮೀರದಂತೆ ಬರೆದು ಕಳಿಸಿ. ಹುಡುಗಿಯ ಹೆಸರನ್ನು ಬಿಡಿ. ಅವಳ ಸಹಪಾಠಿಗಳು ಆ ದಿನ ಏನೇನು ಕಾರಣ ಊಹಿಸಿದರು ಎಂಬುದನ್ನು ಅವರ ಮಾತಿನಲ್ಲೇ ಸೇರಿಸಿ. ಚಿತ್ರಗಳಲ್ಲಿ ಮೂತ್ರಜನಕಾಂಗದ್ದು ಮಾತ್ರ ಬೇಕು, ಆದರೆ ಅದರಲ್ಲಿ ಅಪಧಮನಿ ಮತ್ತು ಅಭಿಧಮನಿಯ ಬಾಣಗಳು ಅದಲುಬದಲಾಗಿವೆ. ಸರಿಪಡಿಸಿದ ಪ್ರತಿಯನ್ನು ಲೇಖನದ ಜೊತೆಗೇ ಲಗತ್ತಿಸಿ.

ಇತಿ,
ಸಂಪಾದಕ