ನನಗೆ ಚಳಿ, ಮಿಯರ್ ಇಸ್ಟ್ ಕಾಲ್ಟ್

ಭಾಷಾ ಕಲಿಕೆಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಮೈಸೂರಿನ ಇಂಗ್ಲಿಷ್ ಶಿಕ್ಷಕಿಯೊಬ್ಬರ ಉತ್ತರಗಳು

ಪ್ರಶ್ನೆ: ಮೇಡಂ, ನನ್ನ ಮಗ ಈ ಜೂನ್‌ನಲ್ಲಿ ಆರನೆಯ ತರಗತಿಗೆ ಹೋಗುತ್ತಾನೆ. ಶಾಲೆಯಲ್ಲಿ ಹಿಂದಿ ಅಥವಾ ಜರ್ಮನ್ ಆರಿಸಿಕೊಳ್ಳಬೇಕು. ಅವನು ಜರ್ಮನ್‌ಗೆ ಹಟ ಹಿಡಿದಿದ್ದಾನೆ. ಇಂಗ್ಲಿಷೇ ಇನ್ನೂ ನಾಲಿಗೆಗೆ ಕೂತಿಲ್ಲ. ಎರಡೂ ಸೇರಿ ಕಲಸುಮೇಲೋಗರವಾಗುವುದಿಲ್ಲವೇ?
— ಒಬ್ಬ ತಾಯಿ, ಹಾಸನ

ಉತ್ತರ: ಆಗುತ್ತದೆ ತಾಯಿ, ಒಂದೆರಡು ತಿಂಗಳು. ಕಳೆದ ವರ್ಷ ನಮ್ಮ ಶಾಲೆಯಲ್ಲಿ ಜರ್ಮನ್ ಶುರುವಾದಾಗ ನಾನೂ ನಿಮ್ಮಂತೆಯೇ ಗೊಣಗಿದವಳು. ನನ್ನ ಒಂದು ಪೀರಿಯಡ್ ಕಿತ್ತು ಅದಕ್ಕೆ ಕೊಟ್ಟಿದ್ದರು ಎಂಬ ಸಿಟ್ಟು ಬೇರೆ. ಏನು ನಡೆಯುತ್ತದೋ ನೋಡಿಯೇಬಿಡೋಣವೆಂದು ವಾರಕ್ಕೆ ಎರಡು ದಿನ ಆ ತರಗತಿಯ ಕೊನೆಯ ಬೆಂಚಿನಲ್ಲಿ ಕೂತೆ. ವರ್ಷವಿಡೀ ಕೂತೆ.

ದಸರಾ ರಜೆಯವರೆಗೆ ಎಲ್ಲವೂ ಸರಿಯಿತ್ತು. ನವೆಂಬರ್‌ನಲ್ಲಿ ಇಂಗ್ಲಿಷ್ ನೋಟ್‌ಬುಕ್ ತಿದ್ದಲು ಕೂತರೆ ಮೇಜು, ಅನ್ನ, ನಾಯಿ, ಮಳೆ, ಎಲ್ಲ ಪದಗಳಿಗೂ ವಾಕ್ಯದ ನಡುವೆಯೇ ದೊಡ್ಡ ಅಕ್ಷರ. ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಹಾಕಿ ಕೈ ನೋವು ಬಂತು, ಅಂಕವನ್ನೂ ಕತ್ತರಿಸಿದೆ. ಜರ್ಮನ್‌ನಲ್ಲಿ ನಾಮಪದಗಳೆಲ್ಲ ದೊಡ್ಡ ಅಕ್ಷರದಿಂದಲೇ ಶುರುವಾಗುತ್ತವೆ ಎಂಬುದನ್ನು ಕೊನೆಯ ಬೆಂಚಿನಲ್ಲಿ ನಾನೂ ಕಲಿತಿದ್ದೆ, ಆದರೆ ಕೆಂಪು ಪೆನ್ನು ಹಿಡಿದಾಗ ನೆನಪಾಗಲಿಲ್ಲ. ಮಾರನೆಯ ದಿನ ಜರ್ಮನ್ ಶಿಕ್ಷಕಿಯೂ ನಾನೂ ಒಂದೇ ಕಪ್ಪುಹಲಗೆಯ ಮುಂದೆ ನಿಂತು ಒಂದೇ ವಾಕ್ಯವನ್ನು ಎರಡು ಭಾಷೆಗಳಲ್ಲಿ ಪಕ್ಕಪಕ್ಕ ಬರೆದೆವು. ಫೆಬ್ರವರಿಯ ಹೊತ್ತಿಗೆ ದೊಡ್ಡ ಅಕ್ಷರಗಳು ತಮ್ಮ ಮನೆಗೆ ಹೋದವು. ಕತ್ತರಿಸಿದ ಅಂಕಗಳನ್ನು ನಾನೂ ಹಿಂದಿರುಗಿಸಿದೆ.

ನನ್ನ ಸಿಟ್ಟು ಇಳಿದದ್ದು ಮಾತ್ರ ಡಿಸೆಂಬರ್‌ನ ಒಂದು ಬೆಳಗ್ಗೆ. 'ಚಳಿಯಾಗುತ್ತಿದೆ ಎಂದು ಜರ್ಮನ್‌ನಲ್ಲಿ ಹೇಳಿ' ಎಂದರು ಆ ಶಿಕ್ಷಕಿ. ತರಗತಿಯ ಜಾಣರೆಲ್ಲ ಇಂಗ್ಲಿಷಿನ 'ಐ ಆ್ಯಮ್ ಕೋಲ್ಡ್' ಹಿಡಿದುಕೊಂಡು 'ಇಶ್ ಬಿನ್ ಕಾಲ್ಟ್' ಎಂದರು. ಹಾಗೆಂದರೆ 'ನಾನು ಕಲ್ಲುಮನಸ್ಸಿನವನು' ಎಂಬ ಧ್ವನಿ ಬರುತ್ತದೆಯಂತೆ. ಇಂಗ್ಲಿಷಿನಲ್ಲಿ ಸದಾ ಹಿಂದುಳಿಯುವ ಹುಡುಗನೊಬ್ಬ ಕೈಯೆತ್ತಿ, 'ಮಿಸ್, ನನಗೆ ಚಳಿ ಅಂತಲ್ಲವೇ? ಹಾಗಾದರೆ ನನಗೆ ಎನ್ನುವುದಕ್ಕೆ ಮಿಯರ್' ಎಂದ. ಮಿಯರ್ ಇಸ್ಟ್ ಕಾಲ್ಟ್. ಸರಿ ಉತ್ತರ. ನಮ್ಮ ಚತುರ್ಥಿ ವಿಭಕ್ತಿಯ 'ಗೆ' ಅಲ್ಲಿ ಹಾಗೆಯೇ ಕೂತಿತ್ತು. 'ಏಕೆಂದರೆ' ಎಂದು ಶುರುವಾಗುವ ಜರ್ಮನ್ ಉಪವಾಕ್ಯದಲ್ಲಿ ಕ್ರಿಯಾಪದ ನಮ್ಮಲ್ಲಿಯಂತೆ ಕೊನೆಗೇ ಹೋಗುತ್ತದೆ: 'ನಾನು ದಣಿದವನು ಆಗಿದ್ದೇನೆ' ಎಂಬ ಕ್ರಮ. ಅದನ್ನೂ ಇಂಗ್ಲಿಷಿನ ದಾರಿಯಲ್ಲಿ ಬಂದವರು ತಪ್ಪಿದರು, ಕನ್ನಡದ ದಾರಿಯಲ್ಲಿ ಬಂದವರು ಸರಿಯಾಗಿ ಹೇಳಿದರು. ನಿಮ್ಮ ಮಗನಿಗೆ ಕನ್ನಡ ಗಟ್ಟಿಯಿದೆಯೇ? ಇದ್ದರೆ ಕಳುಹಿಸಿ.

ಆದರೆ ಶಾಲೆಯವರನ್ನು ಒಂದು ಮಾತು ಕೇಳಿಕೊಳ್ಳಿ. ಶಿಕ್ಷಕಿ ಕಾಯಂ ಆಗಿರುವವರೇ, ಎಂಟನೆಯ ತರಗತಿಯ ನಂತರ ಈ ಭಾಷೆ ಇರುತ್ತದೆಯೇ? 2014ರ ನವೆಂಬರ್‌ನಲ್ಲಿ ಕೇಂದ್ರೀಯ ವಿದ್ಯಾಲಯಗಳಲ್ಲಿ ಮೂರನೆಯ ಭಾಷೆಯಾಗಿದ್ದ ಜರ್ಮನ್ ಅನ್ನು ವರ್ಷದ ನಡುವೆಯೇ ತೆಗೆದು ಸಂಸ್ಕೃತ ತಂದಿದ್ದರು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಯಾವ ಭಾಷೆ ಮೇಲು ಎಂಬ ಜಗಳ ದೊಡ್ಡವರಿಗಿರಲಿ, ಅರ್ಧ ವರ್ಷ ಕಲಿತ ಮಗುವಿನ ಪುಸ್ತಕವನ್ನು ಕಿತ್ತುಕೊಳ್ಳುವುದು ನನಗೆ ಇಂದಿಗೂ ಸರಿ ಕಾಣುವುದಿಲ್ಲ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳು ಎಗ್ ಎನ್ನಲು 'ಯೆಗ್', ಓನ್ಲಿ ಎನ್ನಲು 'ವೋನ್ಲಿ' ಎನ್ನುತ್ತಾರೆ. ಎಷ್ಟು ತಿದ್ದಿದರೂ ಹೋಗುವುದಿಲ್ಲ.
— ಶಿಕ್ಷಕ, ಕೊಪ್ಪಳ ಜಿಲ್ಲೆ

ಉತ್ತರ: ಸರ್, 'ಎಲೆ' ಎಂದು ನೀವೇ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಅಲ್ಲಿಯೂ ಒಂದು ಸಣ್ಣ 'ಯ' ಇಣುಕುತ್ತದೆ. 'ಒಲೆ'ಯಲ್ಲಿ 'ವ'. ಅದು ನಮ್ಮ ಬಾಯಿಯ ಅಭ್ಯಾಸ, ಮಕ್ಕಳ ತಪ್ಪಲ್ಲ. ಬೈಯುವುದನ್ನು ಬಿಟ್ಟು ಪದವನ್ನು ಹಿಂದಿನಿಂದ ಹಿಡಿಯಿರಿ. 'ಲೆಗ್' ಎನ್ನಿಸಿ, ಐದು ಸಲ. ಆಮೇಲೆ 'ಲ' ನುಂಗಿಬಿಡಲು ಹೇಳಿ: ಎಗ್. ಹಾಗೆಯೇ 'ಲೋನ್ಲಿ'ಯ ತಲೆ ತೆಗೆದರೆ 'ಓನ್ಲಿ' ಉಳಿಯುತ್ತದೆ. ಹತ್ತು ನಿಮಿಷದ ಕೆಲಸ, ಮಕ್ಕಳಿಗೆ ಆಟ.

ಇನ್ನೊಂದು ಮಾತು. ಇಂಗ್ಲಿಷ್ ಉಚ್ಚಾರವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಲು ಬಿಡಬೇಡಿ. ನಮ್ಮ ಲಿಪಿಯಲ್ಲಿ ದ್ರಾಕ್ಷಿಯ ಬಳ್ಳಿಯೂ ವೈನ್, ಅದರಿಂದ ಇಳಿಸಿದ್ದೂ ವೈನ್. ಬಳ್ಳಿಗೆ ಹಲ್ಲು ಕೆಳತುಟಿಗೆ ತಾಗಬೇಕು, ಪಾನೀಯಕ್ಕೆ ತುಟಿ ಗುಂಡಗಾಗಬೇಕು. ಇದನ್ನು ಬಾಯಿ ನೋಡಿಯೇ ಕಲಿಯಬೇಕು. (ಈ ಅಂಕಣದಲ್ಲಿ ನಾನೇ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಬೇರೆ ದಾರಿಯಿಲ್ಲ.)

ಪ್ರಶ್ನೆ: ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆ ಹತ್ತು ನಿಮಿಷ ಫ್ರೆಂಚ್ ಕಲಿತರೆ ಸಾಕೇ?
— ಪಿಯುಸಿ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಪದಗಳು ಬರುತ್ತವೆ, ಮಾತು ಬರುವುದಿಲ್ಲ. ಫ್ರೆಂಚ್‌ನಲ್ಲಿ ಪದದ ಕೊನೆಯ ಅಕ್ಷರಗಳನ್ನು ಬರೆಯುತ್ತಾರೆ, ಬಹಳಷ್ಟು ಸಲ ಉಚ್ಚರಿಸುವುದಿಲ್ಲ. ಆದ್ದರಿಂದ ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ ಕೊಡಮ್ಮ.

ಪ್ರಶ್ನೆ: ನನಗೆ 58 ವರ್ಷ. ಮಗಳು ಮ್ಯೂನಿಕ್‌ನಲ್ಲಿದ್ದಾಳೆ. ಈ ವಯಸ್ಸಿನಲ್ಲಿ ಜರ್ಮನ್ ತಲೆಗೆ ಹತ್ತುತ್ತದೆಯೇ?
— ನಿವೃತ್ತ ನೌಕರ, ದಾವಣಗೆರೆ

ಉತ್ತರ: ನನಗೆ 51, ಅರ್ಧ ಹತ್ತಿತು. ಓದುವುದು ಸುಲಭ, ಹೆಚ್ಚುಕಡಿಮೆ ಬರೆದಂತೆಯೇ ಓದುತ್ತಾರೆ. ಗೋಳು ಹುಯ್ದುಕೊಳ್ಳುವುದು ಲಿಂಗ. ನಮ್ಮಲ್ಲಿ ಮನುಷ್ಯರನ್ನು ಬಿಟ್ಟು ಹೆಚ್ಚಿನದೆಲ್ಲ 'ಅದು', ತಲೆನೋವಿಲ್ಲ. ಅಲ್ಲಿ ಮೇಜು ಪುಲ್ಲಿಂಗ, ಬಾಗಿಲು ಸ್ತ್ರೀಲಿಂಗ, ಹುಡುಗಿ ನಪುಂಸಕ ಲಿಂಗ! 'ಮಿಸ್, ನಾನು ಯಾಕೆ ಅದು?' ಎಂದು ಒಬ್ಬಳು ಎದ್ದು ನಿಂತು ಜಗಳವಾಡಿದಳು. 'ಪುಟ್ಟ' ಎಂಬರ್ಥದ ಪ್ರತ್ಯಯ ಸೇರಿದ ಪದಗಳೆಲ್ಲ ಅಲ್ಲಿ ನಪುಂಸಕ, ಹುಡುಗಿ ಎಂಬ ಪದದಲ್ಲಿ ಆ ಪ್ರತ್ಯಯವಿದೆ ಎಂದು ಶಿಕ್ಷಕಿ ವಿವರಿಸಿದರು. ಹುಡುಗಿ ಒಪ್ಪಲಿಲ್ಲ.

ಮಾರ್ಚ್‌ನಲ್ಲಿ ಮಕ್ಕಳ ಜೊತೆ ನಾನೂ ಪರೀಕ್ಷೆ ಬರೆದೆ. ನನ್ನ ಉತ್ತರಪತ್ರಿಕೆಯನ್ನು ತಿದ್ದಲು ಶಿಕ್ಷಕಿ ಅದೇ ಹುಡುಗಿಯ ಕೈಗೆ ಕೊಟ್ಟರು. ಊಟದ ತಟ್ಟೆಯ ಪಕ್ಕದ ಮೂರು ವಸ್ತುಗಳ ಲಿಂಗ ಬರೆಯಬೇಕಿತ್ತು. ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ. ನಾನು ಮೂರನ್ನೂ ತಪ್ಪಾಗಿ ಬರೆದಿದ್ದೆ. ಅವಳು ಕೆಂಪು ಪೆನ್ನಿನಲ್ಲಿ ಮೂರು ಸುತ್ತು ಹಾಕಿ, ನನ್ನದೇ ಅಕ್ಷರದ ಶೈಲಿಯಲ್ಲಿ ಕೆಳಗೆ 'ಗಮನವಿಟ್ಟು ಓದು' ಎಂದು ಬರೆದಿದ್ದಳು.