ಬೋರ್ ಆಯಿತು ಎಂದು ತಪ್ಪೊಪ್ಪಿಕೊಂಡವರು

ಪ್ರಾರ್ಥನೆಗೆ ಕೂತರೆ, ದೇವರ ವಿಷಯ ಓದಿದರೆ ಬೋರ್ ಆಗುತ್ತದೆ ಅನ್ನುವ ಸಂಕಟ ಹೇಳಿಕೊಂಡು ಈ ವರ್ಷ ನನ್ನ ಹತ್ತಿರ ಸಲಹೆಗೆ ಬಂದವರಲ್ಲಿ ಇವರು ನಾಲ್ಕನೆಯವರು. ಅದಕ್ಕೇ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ, ಗುರುತು ಸಿಗುವ ವಿವರಗಳನ್ನೆಲ್ಲ ಬಿಟ್ಟಿದ್ದೇನೆ.

ಇಪ್ಪತ್ತು ದಾಟಿದ ಯುವಕ. ಚಿಕ್ಕಂದಿನಿಂದ ಸಭೆಗೆ (ಚರ್ಚಿಗೆ) ಹೋಗುವವರು, ನಂಬಿಕೆ ಅವರಿಗೆ ಬರೀ ಭಾನುವಾರದ ವಿಷಯವಲ್ಲ. ಪ್ರಾರ್ಥನೆಗೆ ಕೂತರೆ ಮನಸ್ಸು ನಿಲ್ಲುವುದಿಲ್ಲ, ಸತ್ಯವೇದ (ಬೈಬಲ್) ತೆರೆದರೆ ಆಕಳಿಕೆ, ಅದಕ್ಕೆ ತಪ್ಪಿತಸ್ಥ ಭಾವ. ಮೊದಲ ಎರಡು ಭೇಟಿ ನಿದ್ದೆ, ಊಟ, ಕೆಲಸ, ಗೆಳೆಯರು ಇವುಗಳ ಬಗ್ಗೆಯೇ ಕೇಳಿದೆ. ವಾರಗಟ್ಟಲೆ ಯಾವುದರಲ್ಲೂ ರುಚಿ ಇಲ್ಲದಿದ್ದರೆ ಅದು ಖಿನ್ನತೆ ಇರಬಹುದು, ಆಗ ವೈದ್ಯರ ಹತ್ತಿರ ಕಳಿಸಬೇಕು. ಇವರದು ಹಾಗಿರಲಿಲ್ಲ.

ಮೂರನೇ ಭೇಟಿಯಲ್ಲಿ ವಿಷಯ ಹೊರಗೆ ಬಂತು. ಕ್ರೈಸ್ತರು ಓದಲೇಬೇಕಾದ ಕಾದಂಬರಿ ಅಂತ ಗೆಳೆಯರೊಬ್ಬರು ರಷ್ಯದ ಲೇಖಕ ದಾಸ್ತೋವಸ್ಕಿಯ 'ಕರಮಜೋವ್ ಸಹೋದರರು' ಕೊಟ್ಟಿದ್ದರಂತೆ. ಆ ಸಹೋದರರಲ್ಲಿ ಒಬ್ಬ ಇವಾನ್.

"ಮೇಡಂ, ಇವಾನ್ ದೇವರ ಜೊತೆ ಜಗಳಕ್ಕೆ ನಿಲ್ಲುವ ಭಾಗ ರಾತ್ರಿಯೆಲ್ಲ ಕೂತು ಓದಿದೆ. ಮುಂದೆ ಆ ಸನ್ಯಾಸಿ ಜೋಸಿಮಾ ಜೀವನ, ಬೋಧನೆ ಬಂತು. ನಾಲ್ಕು ಪುಟಕ್ಕೇ ಬೋರ್. ದೇವರನ್ನು ಪ್ರಶ್ನಿಸಿದವನು ಹಿಡಿಸಿದ, ದೇವರನ್ನು ಪ್ರೀತಿಸಿದವನು ಬೋರ್ ಆದ. ಹಾಗಾದ್ರೆ ನನಗೆ ದೇವರೇ ಬೋರ್ ಅಲ್ವಾ?"

ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ನಾನು ತಕ್ಷಣ ಸಮಾಧಾನ ಹೇಳಲಿಲ್ಲ. ಇವಾನ್ ಮಾತಿನಲ್ಲಿ ಏನು ಹಿಡಿಸಿತು ಅಂತ ಕೇಳಿದೆ.

"ಮಕ್ಕಳ ನೋವು. ಅದರ ಬಗ್ಗೆ ಅಷ್ಟು ನೇರವಾಗಿ ಯಾರೂ ನನ್ನ ಹತ್ತಿರ ಮಾತಾಡಿರಲಿಲ್ಲ."

ಹಾಗಾದರೆ ನಿಮ್ಮನ್ನು ಎಳೆದದ್ದು ದೇವರ ಮೇಲಿನ ತಿರಸ್ಕಾರ ಅಲ್ಲ, ಮಕ್ಕಳ ಮೇಲಿನ ಮರುಕ ಅಂದೆ. 'ಎಷ್ಟು ಕಾಲ, ಕರ್ತನೇ' ಅನ್ನುವ ಅಳಲು ಸತ್ಯವೇದದ ಕೀರ್ತನೆಗಳಲ್ಲೂ ಇದೆ. ಇನ್ನು ಬೋರ್ ಆದದ್ದಕ್ಕೆ ಅರ್ಧ ಕಾರಣ ಬರವಣಿಗೆಯಲ್ಲೇ ಇದೆ. ಕಾದಂಬರಿಯ ಭಾಗಗಳಿಗೆ 'ಪುಸ್ತಕ' ಅಂತಲೇ ಹೆಸರು. ಐದನೇ ಪುಸ್ತಕದಲ್ಲಿ ಇವಾನ್‌ದು ವಾದ. ವಾದಕ್ಕೆ ಓಟ ಇರುತ್ತದೆ, ಓದುಗ ಹಿಂದೆ ಓಡುತ್ತಾನೆ. ಆರನೇ ಪುಸ್ತಕ ಅದಕ್ಕೆ ಉತ್ತರ, ಆದರೆ ವಾದಕ್ಕೆ ಪ್ರತಿವಾದ ಅಲ್ಲ, ಒಬ್ಬ ಮನುಷ್ಯ ಬದುಕಿದ ರೀತಿ. ಅದು ನಿಧಾನ. ಈ ಉತ್ತರ ಸಾಕಾಗುತ್ತದೋ ಇಲ್ಲವೋ ಅಂತ 1879ರಲ್ಲಿ ಲೇಖಕರೇ ಒಂದು ಪತ್ರದಲ್ಲಿ ಅಳುಕು ತೋಡಿಕೊಂಡಿದ್ದಾರೆ.

ಆಮೇಲೆ ಇವಾಗ್ರಿಯಸ್ ವಿಷಯ ಹೇಳಿದೆ. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಸನ್ಯಾಸಿ. ಮಧ್ಯಾಹ್ನದ ಹೊತ್ತು ಮನಸ್ಸನ್ನು ಹಿಡಿಯುವ ಬೇಸರಕ್ಕೆ ಅವರ ಗ್ರೀಕ್ ಭಾಷೆಯಲ್ಲಿ ಅಕೀಡಿಯ ಅಂತ ಹೆಸರು. ಅದು ಹಿಡಿದ ಸನ್ಯಾಸಿ ಓದುವಾಗ ಆಕಳಿಸುತ್ತಾನೆ, ಕಣ್ಣುಜ್ಜಿಕೊಳ್ಳುತ್ತಾನೆ, ಗೋಡೆ ನೋಡುತ್ತಾನೆ, ಇನ್ನೆಷ್ಟು ಹಾಳೆ ಉಳಿದಿದೆ ಅಂತ ಎಣಿಸುತ್ತಾನೆ, ಕೊನೆಗೆ ಪುಸ್ತಕ ಮಡಚಿ ತಲೆದಿಂಬು ಮಾಡಿಕೊಂಡು ಮಲಗುತ್ತಾನೆ. ಇವರು ಅವತ್ತು ಮೊದಲ ಸಲ ನಕ್ಕರು. "ಹಾಳೆ ಎಣಿಸೋದು ನಾನೂ ಮಾಡ್ತೀನಿ."

ದೇವರಿಗಾಗಿ ಎಲ್ಲ ಬಿಟ್ಟು ಮರಳುಗಾಡಿಗೆ ಹೋದವರಿಗೇ ಹೀಗಾಯಿತು. ಹಾಗಾಗಿ ಬೇಸರ ಬಂತು ಅನ್ನುವುದು ಪ್ರೀತಿ ಇಲ್ಲ ಅನ್ನುವುದಕ್ಕೆ ಸಾಕ್ಷಿ ಅಲ್ಲ. ಬೇಸರ ಬಂದಾಗ ಜಾಗ ಬಿಟ್ಟು ಏಳಬೇಡ ಅನ್ನುವುದು ಇವಾಗ್ರಿಯಸ್ ಹೇಳಿದ ಮದ್ದು. ನನ್ನ ಸಲಹೆಯೂ ಅದರದೇ ಸಣ್ಣ ರೂಪ. ದಿನಕ್ಕೆ ಐದೇ ಪುಟ, ಗಟ್ಟಿಯಾಗಿ ಓದಿ. ಫೋನ್ ಬೇರೆ ಕೋಣೆಯಲ್ಲಿರಲಿ. ಬೇಸರ ಬಂದ ಸಾಲಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಇನ್ನೊಂದು ಪುಟ ಓದಿ ನಿಲ್ಲಿಸಿ. ಸತ್ಯವೇದಕ್ಕೂ ಅದೇ. ಅದರ ಅರಣ್ಯಕಾಂಡದ (ರಾಮಾಯಣದ್ದಲ್ಲ, ಇಂಗ್ಲಿಷಿನಲ್ಲಿ Numbers ಅನ್ನುವ ಭಾಗ) 7ನೇ ಅಧ್ಯಾಯ ಕೊಟ್ಟೆ. 89 ವಚನ. ಇಸ್ರಾಯೇಲಿನ ಹನ್ನೆರಡು ಕುಲದ ನಾಯಕರು ತಂದ ಕಾಣಿಕೆ ಒಂದೇ, ಆದರೂ ಹನ್ನೆರಡು ಸಲ ಪೂರ್ತಿ ಪಟ್ಟಿ ಬರುತ್ತದೆ. 'ಉಳಿದವರೂ ಹಾಗೆಯೇ' ಅಂತ ಒಂದು ಸಾಲಿನಲ್ಲಿ ಮುಗಿಸಬಹುದಿತ್ತು. ಮುಗಿಸಲಿಲ್ಲ. ಯಾಕಿರಬಹುದು ಅಂತ ಯೋಚಿಸಿಕೊಂಡು ಬನ್ನಿ ಅಂದೆ.

ಈ ಸಲಹೆಯನ್ನು ಇಬ್ಬರು ಒಪ್ಪಲಿಲ್ಲ. ಮೊದಲೇ ಭಾರ ಹೊತ್ತವರ ಮೇಲೆ ಇನ್ನೊಂದು ಕರ್ತವ್ಯ ಹೇರಿದಿರಿ ಅಂತ ಸಹೋದ್ಯೋಗಿಯೊಬ್ಬರು ಹೇಳಿದರು. ನಾನು ಹೇರಿಲ್ಲ. ಪುಸ್ತಕ ಪೂರ್ತಿ ಬಿಟ್ಟರೂ ಪಾಪವಲ್ಲ ಅಂತ ಮೊದಲೇ ಹೇಳಿದ್ದೆ. ಆದರೆ ಬೇಸರ ಬಂದ ಕೂಡಲೇ ಎದ್ದು ಹೋಗುವ ಅಭ್ಯಾಸ ಪುಸ್ತಕಕ್ಕೆ ನಿಲ್ಲುವುದಿಲ್ಲ. ಕಾಯಿಲೆ ಬಿದ್ದವರ ಹಾಸಿಗೆ ಪಕ್ಕ ಕೂರುವುದೂ ಬೋರ್, ಹೇಳಿದ್ದನ್ನೇ ಹೇಳುವ ಮುದುಕರ ಮಾತು ಕೇಳುವುದೂ ಬೋರ್. ಅಲ್ಲಿ ಕೂರಲು ಬರಬೇಕು ಅನ್ನುವುದು ನನ್ನ ಆಸೆ.

ಸತ್ಯವೇದ ಇರುವಾಗ ಕಾದಂಬರಿ ಯಾಕೆ ಅಂತ ಕೇಳಿದವರು ಒಬ್ಬ ಪಾಸ್ಟರ್. ಸತ್ಯವೇದದಲ್ಲೇ, ತಪ್ಪು ಮಾಡಿದ ಅರಸ ದಾವೀದನ ಹತ್ತಿರ ಪ್ರವಾದಿ ನಾತಾನ ಮೊದಲು ಆಜ್ಞೆ ಎತ್ತಲಿಲ್ಲ, ಬಡವನ ಒಂದೇ ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಕಥೆ ಹೇಳಿದ. ಕಥೆ ಕೇಳಿ ಸಿಟ್ಟಾದ ಮೇಲೇ ದಾವೀದನಿಗೆ ಆ ಮನುಷ್ಯ ತಾನೇ ಅಂತ ತಿಳಿದದ್ದು. ಪಾಸ್ಟರ್‌ಗೆ ಇದನ್ನೇ ನೆನಪಿಸಿದೆ.

ತಿಂಗಳ ನಂತರ ಆ ಯುವಕ ಮತ್ತೆ ಬಂದರು. ಪುಸ್ತಕದ ತುಂಬ ಪೆನ್ಸಿಲ್ ಗುರುತು. ಜೋಸಿಮಾನ ಅಣ್ಣ ಹದಿನೇಳನೇ ವಯಸ್ಸಿನಲ್ಲಿ ಸಾಯುವ ಮುಂಚೆ ಹಕ್ಕಿಗಳ ಹತ್ತಿರ ಕ್ಷಮೆ ಕೇಳುವ ಪುಟ ತೆರೆದು ತೋರಿಸಿದರು. ಅಲ್ಲಿ ಗುರುತು ಇರಲಿಲ್ಲ. "ಇದನ್ನು ಮೂರು ಸಲ ಓದಿದೆ ಮೇಡಂ. ಮುಂದಿನ ಪುಟದಿಂದ ಮತ್ತೆ ಬೋರ್." ಅರಣ್ಯಕಾಂಡದ ಬಗ್ಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು ಹೇಳಿದರು: "ಹನ್ನೆರಡನೆಯವನ ಹೆಸರೂ ಬರೆದಿದ್ದಾರೆ, ಅಲ್ವಾ?"